ಅತ್ತೆಮನೆಯಲ್ಲಿ ಚಪ್ಪಟೆ ವಿಶ್ವ

ಅತ್ತೆಮನೆಯಲ್ಲಿ ಅಳಿಯನಿಗೆ ಎಲ್ಲವೂ ಸಿಗುತ್ತದೆ, ‘ನನಗೆ ಗೊತ್ತಿಲ್ಲ’ ಎನ್ನುವ ಸ್ವಾತಂತ್ರ್ಯವೊಂದನ್ನು ಬಿಟ್ಟು. ಅದರಲ್ಲೂ ನಾನು ಶಿವಮೊಗ್ಗದಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಭದ್ರಾವತಿಯ ಜನ್ನಾಪುರದಲ್ಲಿರುವ ನಮ್ಮ ಅತ್ತೆಯವರ ಪ್ರಕಾರ, ಮಿಕ್ಸಿ ಕೆಟ್ಟರೂ ಗ್ರಹಣ ಹಿಡಿದರೂ ಕಾರಣ ಹೇಳಬೇಕಾದವನು ನಾನೇ. ನಾನೂ ಹೇಳುತ್ತಲೇ ಬಂದಿದ್ದೇನೆ. ನನ್ನ ತರಗತಿಯಲ್ಲಿ ಅಷ್ಟು ಮರ್ಯಾದೆಯಿಂದ ನನ್ನ ಮಾತನ್ನು ಯಾರೂ ಕೇಳಿದ್ದಿಲ್ಲ.

ಕಳೆದ ಭಾನುವಾರ ಕಾಫಿ ಲೋಟ ಕೈಗಿಡುತ್ತಾ ಅತ್ತೆ ಕೇಳಿದರು: “ಅಳಿಯಂದ್ರೇ, ವಿಶ್ವ ಚಪ್ಪಟೆಯಾಗಿದೆ ಅಂತ ಮೊಬೈಲಲ್ಲಿ ಬಂದಿತ್ತು. ಭೂಮಿ ಗುಂಡಗಿದೆ ಅಂತೀರಿ. ಗುಂಡಗಿರೋದು ಚಪ್ಪಟೆ ಒಳಗೆ ಹೆಂಗೆ ಹಿಡಿಸುತ್ತೆ?”

ಆ ಪ್ರಶ್ನೆ ನನಗೂ ಇತ್ತು. ಕೇಳೋಣವೆಂದರೆ ನನಗೆ ಅಳಿಯಂದಿರಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಂಡರೆ ಇಷ್ಟು ವರ್ಷದ ಮರ್ಯಾದೆ ಒಂದೇ ಕಾಫಿಗೆ ಕರಗಿಹೋಗುತ್ತದೆ.

“ಚಪ್ಪಟೆ ಅಂದ್ರೆ ದೋಸೆ ಥರ ಅಲ್ಲ ಅತ್ತೆ” ಎನ್ನುತ್ತಾ ಅಡುಗೆಮನೆಯಿಂದ ಸಿಹಿಗುಂಬಳಕಾಯಿ ಎತ್ತಿಕೊಂಡು ಬಂದೆ. ಸ್ಕೆಚ್ ಪೆನ್ನಿನಲ್ಲಿ ಅದರ ಹೊಟ್ಟೆಯಿಂದ ಮೇಲಕ್ಕೆ ಅಕ್ಕಪಕ್ಕ ಎರಡು ನೇರ ಗೆರೆ ಎಳೆದೆ. ತೊಟ್ಟಿನ ಹತ್ತಿರ ಎರಡೂ ಹೋಗಿ ಕೂಡಿಕೊಂಡವು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅಂಥವೇ ಎರಡು ಎಳೆದೆ. ಹೊಸಿಲು ಮುಟ್ಟುವವರೆಗೂ ಅವುಗಳ ಅಂತರ ಬದಲಾಗಲಿಲ್ಲ.

“ವಿಶ್ವದಲ್ಲಿ ಎಷ್ಟು ದೂರ ಹೋದ್ರೂ ಗೆರೆಗಳು ಈ ನೆಲದ ಮೇಲಿದ್ದಂಗೇ ಇರ್ತವೆ. ಅಳೆದು ನೋಡಿದಷ್ಟಕ್ಕೆ ಹಂಗೇ ಕಂಡಿದೆ. ಅದಕ್ಕೇ ಚಪ್ಪಟೆ ಅನ್ನೋದು.”

ಅಲ್ಲಿಗೇ ಎದ್ದಿದ್ದರೆ ಬಚಾವಾಗುತ್ತಿದ್ದೆ.

“ಹಂಗಾದ್ರೆ ಅದಕ್ಕೆ ದಪ್ಪ ಇಲ್ವಾ?” ಎಂದರು.

“ಇದೆ. ಉದ್ದ, ಅಗಲ, ಎತ್ತರ ಎಲ್ಲಾ ಇದೆ.”

“ಎತ್ತರ ಇದ್ದೂ ಚಪ್ಪಟೆ?”

ನನ್ನ ತಲೆಯೊಳಗಿನ ಗೆರೆಗಳೆಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡವು. ಕುಂಬಳಕಾಯಿ ತಿರುಗಿಸಿದೆ. ತ್ರಿಕೋನ ಎಂದೆ, ನೂರ ಎಂಬತ್ತು ಡಿಗ್ರಿ ಎಂದೆ, ಬೆಳಕು ಎಂದೆ. ಒಂದು ವಾಕ್ಯವೂ ಕೊನೆ ಮುಟ್ಟಲಿಲ್ಲ. ಅತ್ತೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಹೂಂ, ಈಗ ಗೊತ್ತಾಯ್ತು ಬಿಡಿ” ಎಂದರು. ಗೆದ್ದೆನೆಂದುಕೊಂಡು ಕೈ ತೊಳೆಯಲು ಹಿತ್ತಿಲಿಗೆ ಹೋದೆ.

ಅಡುಗೆಮನೆಯ ಕಿಟಕಿಯಿಂದ ನನ್ನ ಹೆಂಡತಿಯ ದನಿ ಕೇಳಿಸಿತು: “ಅಮ್ಮ, ನಿಜವಾಗ್ಲೂ ಗೊತ್ತಾಯ್ತಾ?”

“ಎಲ್ಲಿ ಗೊತ್ತಾಗುತ್ತೆ ಮಾರಾಯ್ತಿ. ಅವ್ರಿಗೇ ಗೊತ್ತಾಗಿರ್ಲಿಲ್ಲ, ಪಾಪ ಬೆವರ್ತಿದ್ರು. ಅಳಿಯಂದ್ರಲ್ವಾ, ಹೂಂ ಅಂದೆ.”

ಸಂಜೆ ಶಿವಮೊಗ್ಗಕ್ಕೆ ವಾಪಸ್ಸಾಗುವಾಗ ವಿಶ್ವದ ಯೋಚನೆ ಪೂರ್ತಿ ಬಿಟ್ಟುಹೋಗಿತ್ತು. ಮದುವೆಯಾದಂದಿನಿಂದ ಆ ಮನೆಯಲ್ಲಿ ನಾನು ವಿವರಿಸಿದ್ದನ್ನೆಲ್ಲ ಬಸ್ಸಿನಲ್ಲಿ ಕೂತು ಒಂದೊಂದಾಗಿ ನೆನಪಿಸಿಕೊಂಡೆ. ಅತ್ತೆ ಒಂದು ಸಲವಾದರೂ ‘ಅರ್ಥವಾಗಲಿಲ್ಲ’ ಎಂದದ್ದು ನೆನಪಿಗೆ ಬರಲಿಲ್ಲ.