ರಜೆಯೋ, ವಜಾವೋ

ನನಗೆ ರಜೆ ಅನುಭವಿಸಲು ಬರುವುದಿಲ್ಲ. ಕೊಟ್ಟರೆ ಯಾಕೆ ಕೊಟ್ಟರು ಎಂದು ಚಿಂತಿಸುತ್ತೇನೆ. ಕೊಡದಿದ್ದರೆ ಸದ್ಯ ಬದುಕಿದೆ ಎಂದುಕೊಳ್ಳುತ್ತೇನೆ. ವಾರದ ರಜೆಯ ದಿನವಾದ ಶುಕ್ರವಾರವೂ ಐದಕ್ಕೇ ಎದ್ದು ಶೂ ಹುಡುಕಿ, ಹೆಂಡತಿಯಿಂದ ಬೈಸಿಕೊಂಡು ಮತ್ತೆ ಮಲಗುವ ಜಾತಿ ನನ್ನದು. ಇಂಥವನ ಮನೆಯ ಮೇಲೆ ತೊಂಬತ್ತರ ದಶಕದ ಒಂದು ಬೆಳಿಗ್ಗೆ ದೋಹಾದ ಧೂಳು ಇಡೀ ದಿನದ ರಜೆ ತಂದು ಸುರಿಯಿತು. ಸುರಿದದ್ದು ರಜೆಯೇ ಹೌದೋ ಎಂಬುದು ಮಾತ್ರ ಮರುದಿನದವರೆಗೆ ಗೊತ್ತಾಗಲಿಲ್ಲ.

ಆಗ ನಾನು ಮುಶೈರಿಬ್‌ನ ಒಂದು ಕಚೇರಿಯಲ್ಲಿ ಟೈಪಿಸ್ಟ್. ಅಲ್ ಮನ್ಸೂರಾದಲ್ಲಿ ಎರಡನೇ ಮಹಡಿಯ ಒಂದೂವರೆ ಕೋಣೆಯ ಮನೆ. ಹೆಂಡತಿ ಲಿಲ್ಲಿಯೂ ನಾಲ್ಕು ವರ್ಷದ ಮಗಳು ರೀನಾಳೂ ಕಾರ್ಕಳದ ಕಡೆಯಿಂದ ಬಂದು ಎರಡು ತಿಂಗಳಾಗಿತ್ತಷ್ಟೆ. ಮೂರು ವರ್ಷ ಒಬ್ಬನೇ ಮೊಟ್ಟೆ ಬೇಯಿಸಿ ತಿಂದವನಿಗೆ ಮನೆಯಲ್ಲಿ ಮಾತು ಕೇಳುವುದೇ ಒಂದು ಸುಖವಾಗಿತ್ತು. ಆದರೆ ಅವರ ವೀಸಾ ನಿಂತಿದ್ದದ್ದು ನನ್ನ ಕೆಲಸದ ಮೇಲೆ. ಕೆಲಸ ಹೋದರೆ ಮೂವರೂ ಊರಿಗೆ. ಹಿಂದಿನ ವಾರವಷ್ಟೇ ನಾನು ಒಂದು ಪತ್ರದಲ್ಲಿ ನಮ್ಮ ಮುದೀರರ, ಅಂದರೆ ಮ್ಯಾನೇಜರರ, ಹೆಸರನ್ನೇ ತಪ್ಪಾಗಿ ಟೈಪ್ ಮಾಡಿ, ಅದರ ಕೆಳಗೆ ಅವರಿಂದಲೇ ಸಹಿ ಹಾಕಿಸಿದ್ದೆ.

ಆ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಎದುರಿನ ಕಟ್ಟಡವೇ ಇರಲಿಲ್ಲ. ಎಲ್ಲ ಕಡೆ ಹಳದಿ. ಆದರೂ ಟೈ ಕಟ್ಟಿ ಕೆಳಗಿಳಿದೆ. ರಸ್ತೆ ಯಾವ ಕಡೆ ಇದೆ ಎಂದು ಸ್ವಲ್ಪ ಹೊತ್ತು ಹುಡುಕಿ, ಬಾಯಿ ತುಂಬ ಮರಳು ತುಂಬಿಕೊಂಡು ಮೇಲೆ ಬಂದೆ. ಲಿಲ್ಲಿ ಫೋನಿನ ಪಕ್ಕ ನಿಂತಿದ್ದಳು.

"ನಿಮ್ಮ ಮುದೀರ್ ಫೋನ್ ಮಾಡಿದ್ರು. ಎಂತದೋ ದವಾಮ್, ಖಲಾಸ್ ಅಂದ್ರು. ಮತ್ತೆ ಮಾಫಿ ಕೇಳಿದ್ರು. ಪಾಪ, ಒಳ್ಳೆ ಜನ."

ಊರಲ್ಲಿ ಮಾಫಿ ಎಂದರೆ ಕ್ಷಮೆ, ಇಲ್ಲಿ 'ಇಲ್ಲ'. ದವಾಮ್ ಎಂದರೆ ಆಫೀಸಿನ ಕೆಲಸ. ದವಾಮ್ ಮಾಫಿ, ಖಲಾಸ್. ಕೆಲಸ ಇಲ್ಲ, ಮುಗಿಯಿತು. ಇಂದು ಇಲ್ಲವೋ, ಇನ್ನು ಮುಂದೆ ಇಲ್ಲವೋ?

"ನೀನೆಂತ ಹೇಳಿದ್ದು?"

"ಓಕೆ ಓಕೆ, ಥ್ಯಾಂಕ್ಯೂ ಸರ್ ಅಂದೆ. ಅಷ್ಟು ದೊಡ್ಡವರು ಮಾಫಿ ಕೇಳುವಾಗ ಮತ್ತೆಂತ ಹೇಳುದು?"

ನನ್ನ ವಜಾವನ್ನು ನನ್ನ ಹೆಂಡತಿಯೇ ಧನ್ಯವಾದ ಹೇಳಿ ಸ್ವೀಕರಿಸಿದ್ದಳು. ಕಚೇರಿಗೆ ಫೋನ್ ಮಾಡಿದೆ. ಗಂಟೆ ಬಾರಿಸಿತೇ ಹೊರತು ಯಾರೂ ಎತ್ತಲಿಲ್ಲ. ನನ್ನ ಕರೆ ಎಂದು ಗೊತ್ತಾಗಿಯೇ ಎತ್ತುತ್ತಿಲ್ಲ ಎಂದುಕೊಂಡೆ. ಎತ್ತದೆ ಅದು ಹೇಗೆ ಗೊತ್ತಾಗುತ್ತದೆ ಎಂದು ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ರೀನಾ ಬಾಲ್ಕನಿಯ ಬಾಗಿಲ ಸಂದಿಯಿಂದ ಒಳಬಂದ ಧೂಳಿನ ರಾಶಿಯ ಮುಂದೆ ಕುಳಿತು, "ಪಪ್ಪಾ, ಸ್ನೋ ಬಂತು" ಅಂದಳು. ನರ್ಸರಿಯ ಪುಸ್ತಕದಲ್ಲಿ ಹಿಮದ ಚಿತ್ರವಿತ್ತು. ಮನೆಯೊಳಗೆ ಬಂದು ಬೀಳುವುದೆಲ್ಲ ಅವಳಿಗೆ ಸ್ನೋ. ಮೂವರೂ ಆ ಧೂಳಿಗೆ ನೀರು ಬೆರೆಸಿ, ಊಟದ ತಟ್ಟೆಯಲ್ಲಿ ಒಬ್ಬ ಗಿಡ್ಡ ಮನುಷ್ಯನನ್ನು ಮಾಡಿದೆವು. ಲಿಲ್ಲಿ ಅವನಿಗೆ ಮೂಗಾಗಿ ಒಣಮೆಣಸು ಸಿಕ್ಕಿಸಿದಳು. ಕಿಟಕಿಗಳಿಗೆ ಒದ್ದೆ ಟವೆಲ್ ತುರುಕಿದೆವು. ಮಧ್ಯಾಹ್ನ ಗಂಜಿಯ ಜೊತೆ ಒಣಮೀನಿನ ಚಟ್ನಿ. ವಾರದ ನಡುವೆ ಹಗಲು ಹೊತ್ತಿನಲ್ಲಿ ಹೆಂಡತಿಯ ಮುಖ ನೋಡುತ್ತಾ ಉಂಡದ್ದು ಆ ದೇಶದಲ್ಲಿ ಅದೇ ಮೊದಲು. ನನಗೆ ತುಂಬ ಸಂತೋಷವಾಯಿತು, ತುಂಬ ಭಯವೂ ಆಯಿತು. ಒಂದು ತುತ್ತಿಗೆ ನಗು, ಮರುತುತ್ತಿಗೆ ಮಂಚದಡಿಯ ಸೂಟ್‌ಕೇಸಿನ ನೆನಪು. ಲಿಲ್ಲಿಗೆ ಏನೂ ಹೇಳಲಿಲ್ಲ. ಅವಳು ಅಷ್ಟು ನಕ್ಕದ್ದನ್ನು ಮದುವೆಯಾದ ಮೇಲೆ ನೋಡಿರಲಿಲ್ಲ.

ಮರುದಿನ ಧೂಳು ಇಳಿಯಿತು. ಕಚೇರಿಗೆ ಹೋಗಿ, ಕೂರದೆ ಮುದೀರರ ಮುಂದೆ ನಿಂತೆ.

"ಸರ್, ನಿನ್ನೆ ನೀವು ದವಾಮ್ ಮಾಫಿ ಅಂದಿರಂತೆ."

"ನಾನು ಎಲ್ಲಿ ಅಂದೆ?" ಅವರು ಕನ್ನಡಕ ತೆಗೆದರು. "ನಾನು ಕೇಳಿದ್ದು. ನಿನ್ನ ಮನೆಯೇ ಆಫೀಸಿಗೆ ಹತ್ತಿರ, ಇವತ್ತು ಆಫೀಸ್ ಇದೆಯೋ ಇಲ್ಲವೋ ನಿನಗೇ ಗೊತ್ತಿರುತ್ತದೆ ಅಂತ. ದವಾಮ್ ಮಾಫಿ? ಖಲಾಸ್? ಅಂತ ಕೇಳಿದೆ. ನಿನ್ನ ಮೇಡಂ ಓಕೆ ಓಕೆ ಅಂದರು. ಅದನ್ನೇ ಎಲ್ಲರ ಮನೆಗೂ ಫೋನ್ ಮಾಡಿ ಹೇಳಿದೆ. ಯಾರೂ ಬರಲಿಲ್ಲ, ನಾನೂ ಬರಲಿಲ್ಲ."

ಮೂರು ವರ್ಷದಲ್ಲಿ ಅರ್ಧ ದಿನದ ರಜೆ ಕೇಳಲೂ ನನಗೆ ಬಾಯಿ ಬಂದಿರಲಿಲ್ಲ. ಬಂದು ಎರಡು ತಿಂಗಳಾದ ಲಿಲ್ಲಿ, ಮುದೀರರನ್ನೂ ಸೇರಿಸಿ ಇಡೀ ಕಚೇರಿಗೆ ರಜೆ ಕೊಟ್ಟಿದ್ದಳು. ಆಮೇಲೆ ಆಕಾಶ ಸ್ವಲ್ಪ ಹಳದಿಯಾದರೂ ಸಾಕು, ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ನನ್ನ ಮೇಜಿನ ಬಳಿ ಬಂದು, "ಒಮ್ಮೆ ಮನೆಗೆ ಫೋನ್ ಮಾಡಿ ಕೇಳು" ಎನ್ನುತ್ತಿದ್ದರು. ನಾನೂ ಫೋನ್ ಮಾಡುತ್ತಿದ್ದೆ. ನನ್ನ ಪಾಲಿನ ರಜೆಯನ್ನೂ ಅವಳೇ ಕೊಡಬೇಕಿತ್ತಲ್ಲ.