ಅಟ್ಟದ ಮೇಲಿನ ಹನ್ನೊಂದು ಜೊತೆ

ಕಳ್ಳತನ ಮಾಡಿ ಸಿಕ್ಕಿಬಿದ್ದರೆ ಅದಕ್ಕೊಂದು ಅರ್ಥವಿದೆ. ಮಾಡದೆಯೇ ಸಿಕ್ಕಿಬಿದ್ದರೆ ಯಾರ ಹತ್ತಿರ ಹೇಳಿಕೊಳ್ಳಲಿ? ನನ್ನದು ಪುಟ್ಟ ಚಪ್ಪಲಿ ಅಂಗಡಿ. ಇಷ್ಟು ವರ್ಷದಲ್ಲಿ ಒಂದೇ ಒಂದು ಜೊತೆಯನ್ನೂ ಲೆಕ್ಕ ತಪ್ಪಿಸಿ ಕೊಂಡವನಲ್ಲ. (ಪ್ರಾಮಾಣಿಕತೆ ಎನ್ನಿ, ಪುಕ್ಕಲುತನ ಎನ್ನಿ, ಫಲ ಒಂದೇ.) ಅಂಥ ಸತ್ಯಸಂಧನ ಅಂಗಡಿಗೆ ಮೊನ್ನೆ ಮಾರಾಟ ತೆರಿಗೆ ಸಾಹೇಬರು ದಯಮಾಡಿಸಿದರು.

ಅಟ್ಟ ಹತ್ತಿ, ತಲೆತುಂಬ ಜೇಡರ ಬಲೆ ಹೊತ್ತು ಇಳಿದವರೇ ಕೇಳಿದರು: "ಏನ್ರೀ, ಮೇಲೆ ಹನ್ನೊಂದು ಡಬ್ಬ ಇದೆ. ಎಲ್ಲಾ ಬೇರೆ ಕಂಪನಿ ಲೇಡೀಸ್ ಚಪ್ಪಲಿ. ಖರೀದಿ ಲೆಕ್ಕದಲ್ಲಿ ಒಂದೂ ಇಲ್ಲವಲ್ಲ?"

"ನಂಗೇನೂ ಗೊತ್ತಿಲ್ಲ ಸಾರ್!"

"ಎಲ್ಲರೂ ಹಂಗೇ ಅಂತಾರೆ. ಹನ್ನೊಂದು ಉಳಿದಿದೆ ಅಂದ್ರೆ ಇನ್ನೆಷ್ಟು ಮಾರಿದ್ದೀರೋ! ಇಷ್ಟೂ ವರ್ಷದ್ದು ಅಂದಾಜು ಹಾಕಿ ತೆರಿಗೆ ಕಟ್ಟಿ, ಅದರ ಮೇಲೆ ದಂಡ ಕಟ್ಟಿ."

ಆ ದಂಡ ಕಟ್ಟಬೇಕಾದರೆ ಅಂಗಡಿಯನ್ನೇ ಮಾರಬೇಕು. ಬೇರೆ ದಾರಿ ಕಾಣದೆ ಗುಮಾಸ್ತನ ಮೇಲೆ ಹರಿಹಾಯ್ದೆ.

"ನನ್ನ ಮೇಲ್ಯಾಕೆ ರೇಗ್ತೀರ ಸಾರ್? ಅಟ್ಟ ಹತ್ತೋದು ಅಮ್ಮಾವ್ರೊಬ್ರೇ" ಎಂದ ಅವನು.

ಅಷ್ಟರಲ್ಲಿ ಅಮ್ಮಾವ್ರು, ಅಂದರೆ ನನ್ನ ಹೆಂಡತಿ, ಊಟದ ಡಬ್ಬಿ ಹಿಡಿದು ಬಂದೇಬಿಟ್ಟಳು.

"ಯಾಕ್ರೀ, ಮುಖ ಹಿಂಗಾಗಿದೆ?"

"ಅಂಗಡಿ ಹೋಯ್ತು ಕಣೇ! ಯಾರೋ ಪಾಪಿ ಅಟ್ಟದಲ್ಲಿ ಹನ್ನೊಂದು ಜೊತೆ ಚಪ್ಪಲಿ ತಂದಿಟ್ಟಿದ್ದಾನೆ!"

ಅವಳು ನನ್ನನ್ನು ನೋಡಿದಳು, ಸಾಹೇಬರನ್ನು ನೋಡಿದಳು. "ಪಾಪಿ ನಾನೇ" ಎಂದಳು.

"ನೀನಾ? ಅಂಗಡಿ ಪೂರ್ತಿ ನಿಂದೇ ಅಲ್ವೇನೇ?"

"ಅದೇ ನನ್ನ ಗ್ರಹಚಾರ! ನಿಮ್ಮ ಚಪ್ಪಲಿ ಕಚ್ಚುತ್ತೆ ಕಣ್ರೀ. ಮದುವೆ ಆದಾಗಿಂದ ಕಚ್ತಾನೇ ಇದೆ. ಎದುರಂಗಡೀಲಿ ತಗೊಂಡೆ ಅಂದ್ರೆ ರಂಪ ಮಾಡ್ತೀರ ಅಂತ ಇಲ್ಲಿಟ್ಟೆ. ಊಟ ತಂದಾಗ ಬದಲಾಯಿಸ್ಕೊಂಡು ಹೋಗ್ತೀನಿ. ಚಪ್ಪಲಿ ಬಚ್ಚಿಡೋಕೆ ಚಪ್ಪಲಿ ಅಂಗಡಿಗಿಂತ ಒಳ್ಳೆ ಜಾಗ ಇದೆಯಾ?"

"ನನ್ನ ಕಣ್ಣಿಗೆ ಒಂದು ದಿನಾನೂ ಬೀಳಲಿಲ್ವಲ್ಲೇ!"

"ದಿನವಿಡೀ ಊರವರ ಕಾಲು ನೋಡ್ತೀರ. ನನ್ನ ಕಾಲು ಯಾವತ್ತಾದ್ರೂ ನೋಡಿದ್ದೀರಾ?"

ನಾನು ಬಗ್ಗಿ ಅವಳ ಕಾಲು ನೋಡಿದೆ, ನಂಬಿದೆ. ಸಾಹೇಬರು ಮಾತ್ರ ನಂಬಲಿಲ್ಲ. ಅವಳು ಡಬ್ಬಗಳನ್ನೆಲ್ಲ ಇಳಿಸಿ, ಒಂದೊಂದೇ ಜೊತೆ ಮೆಟ್ಟಿ ಅವರೆದುರು ಮಹಾರಾಣಿಯಂತೆ ಓಡಾಡಿದಳು. ಎಲ್ಲವೂ ಅವಳ ಅಳತೆಯವೇ, ಎಲ್ಲದರ ಅಟ್ಟೆಯೂ ಸವೆದಿತ್ತು. ಸವೆದ ಮಾಲನ್ನು ಯಾವ ವ್ಯಾಪಾರಿ ಮಾರಲು ತರುತ್ತಾನೆ? ಸಾಹೇಬರು ತಲೆಯಾಡಿಸಿದರು.

"ದಂಡ ಇಲ್ಲ ಬಿಡಿ. ಆದ್ರೆ ಬರ್ಕೊಡ್ಬೇಕು. ಚಪ್ಪಲಿ ಅಂಗಡಿಯವರ ಮನೆಯವರೇ ಬೇರೆ ಕಡೆ ಕೊಂಡಿದ್ಯಾಕೆ ಅಂತ ನಮ್ಮ ಮೇಲಿನವರು ಕೇಳ್ತಾರೆ."

ಹೋದ ಜೀವ ಬಂದಂತಾಯಿತು! ಆ ಖುಷಿಯಲ್ಲಿ ಬೇರೇನು ಬರೆ ಎಂದಿದ್ದರೂ ಬರೆಯುತ್ತಿದ್ದೆ. "ನನ್ನ ಅಂಗಡಿಯ ಚಪ್ಪಲಿಗಳು ಕಚ್ಚುವುದರಿಂದ, ಅವನ್ನು ಮೆಟ್ಟಲು ನನ್ನ ಧರ್ಮಪತ್ನಿಯೂ ಒಪ್ಪದ ಕಾರಣ..." ಎಂದು ಸ್ವಹಸ್ತದಿಂದ ಬರೆದು ಸಹಿ ಜಡಿದೆ. ಮಾನ ಹೋದರೆ ಹೋಗಲಿ, ಅಂಗಡಿ ಉಳಿಯಿತಲ್ಲ!

"ಇದು ನಿಜ ಅನ್ನೋಕೆ ಇಬ್ಬರು ಸಾಕ್ಷಿ ಬೇಕು" ಎಂದರು ಸಾಹೇಬರು.

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಾ ಮುಂದು ತಾ ಮುಂದು ಎಂದು ಮುಗಿಬಿದ್ದರು. ಆದರೆ ಪೆನ್ನು ಮೊದಲು ಕಿತ್ತುಕೊಂಡವನು ನನ್ನ ಗುಮಾಸ್ತ. ಸಹಿ ಹಾಕಿದ್ದಲ್ಲದೆ, ಸಾಹೇಬರು ಕೇಳದಿದ್ದರೂ ಕಾಲುಚೀಲ ಕಳಚಿ ಹಿಮ್ಮಡಿಯ ಗುಳ್ಳೆಯನ್ನೂ ತೋರಿಸಿದ.