ಕ್ಲಚ್ಚಿಲ್ಲದ ತಮಗೊಂದು ದೂರು

ಒಂದು ವಾರದ ಮಟ್ಟಿಗೆಂದು ನಮ್ಮ ಅಂಗಳಕ್ಕೆ ದಯಮಾಡಿಸಿದ ವಿದ್ಯುತ್ ಕಾರಿನವರ ಸನ್ನಿಧಾನಕ್ಕೆ, ಚಾಲನಾ ಶಾಲೆಯ ಮೇಷ್ಟ್ರು ಕೈಮುಗಿದು ಮಾಡಿಕೊಳ್ಳುವ ಅರಿಕೆ.

ಮಾನ್ಯರೇ,

ತಾವು ಕ್ಷೇಮವೆಂಬುದನ್ನು ತಮ್ಮ ಪರದೆಯೇ ದಿನಾ ಬೆಳಿಗ್ಗೆ ಹಸಿರು ಅಕ್ಷರಗಳಲ್ಲಿ ಸಾರುತ್ತಿರುವುದರಿಂದ ಕುಶಲಪ್ರಶ್ನೆಯನ್ನು ಬಿಟ್ಟು ದೂರಿಗೇ ಬರುತ್ತೇನೆ. ಇದನ್ನು ಶಾಲೆಯ ಗೋಡೆಗೂ ಅಂಟಿಸುತ್ತಿರುವುದು ತಮ್ಮ ಮಾನ ಕಳೆಯುವುದಕ್ಕಲ್ಲ. ತಾವು ಬಂದಾಗಿನಿಂದ ಹಳೆಯ ಪೆಟ್ರೋಲ್ ಕಾರಿನ ಕಡೆ ತಿರುಗಿಯೂ ನೋಡದ ನನ್ನ ಶಿಷ್ಯವರ್ಗಕ್ಕೆ ಇನ್ನೊಂದು ಮಗ್ಗುಲೂ ತಿಳಿದಿರಲಿ ಎಂದು. ತಮ್ಮನ್ನು ಕೊಳ್ಳುವುದೋ ಬಿಡುವುದೋ ಓಡಿಸಿ ನೋಡಿ ತೀರ್ಮಾನಿಸಿ ಎಂದು ಷೋರೂಮಿನವರು ಬಿಟ್ಟುಹೋದ ವಾರವೇ ನಮ್ಮ ಶಿಷ್ಯೆ ಗಡಿಬಿಡಿಯ ಚಾಲನಾ ಪರೀಕ್ಷೆಯೂ ಬಂದದ್ದು ನನ್ನ ಗ್ರಹಚಾರ.

ಗಡಿಬಿಡಿ ಎಂಬುದು ನಾನಿಟ್ಟ ಹೆಸರು. ಹಾಸಿಗೆ ಹಿಡಿದವರ ಗಾಯ ತೊಳೆದು ಕಟ್ಟುವಾಗ ಹೂವಿನಷ್ಟು ಹಗುರವಾಗುವ ಈ ನರ್ಸ್ ಹುಡುಗಿಯ ಕೈ, ಗೇರಿನ ಹಿಡಿ ಮುಟ್ಟಿದ ಕೂಡಲೇ ಒಂದನೆಯದೆಂದು ಮೂರನೆಯದಕ್ಕೆ ತಳ್ಳುತ್ತದೆ. ಹಿಂದಿನ ಎರಡು ಸಲವೂ ಪರೀಕ್ಷೆಯ ಏರಿನಲ್ಲಿ ಗಾಡಿ ಆಫ್ ಮಾಡಿಕೊಂಡು ಅಳುತ್ತಾ ಬಂದಿದ್ದಳು. ಮನೆಮನೆಗೆ ಕಾರಿನಲ್ಲಿ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಹುದ್ದೆಯನ್ನು ಆಸ್ಪತ್ರೆಯವರು ಅವಳಿಗೆಂದೇ ತೆರವಿಟ್ಟಿದ್ದರು. ಈ ಸಲವೂ ಪರವಾನಗಿ ಬಾರದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಬಂದ ತಾವು ಮಾಡಿದ್ದೇನು? ಒಮ್ಮೆಯಾದರೂ ಆಫ್ ಆದಿರಾ? ಕ್ಲಚ್ಚನ್ನು ನಿಧಾನ ಬಿಡು, ಇನ್ನೂ ನಿಧಾನ, ಅಯ್ಯೋ ಬಿಟ್ಟೇಬಿಟ್ಟೆಯಾ ಎಂಬುದೇ ನನ್ನ ಪಠ್ಯಕ್ರಮದ ಅರ್ಧಭಾಗವೆಂದು ತಿಳಿದೂ, ತಾವು ಕ್ಲಚ್ಚೇ ಇಲ್ಲದೆ, ಎಣ್ಣೆ ಹಚ್ಚಿದಂತೆ ಸರಿದುಹೋಗುತ್ತೀರಿ. ದಿನಕ್ಕೊಮ್ಮೆಯಾದರೂ, ಶೈಕ್ಷಣಿಕ ಹಿತದೃಷ್ಟಿಯಿಂದ, ನಡುರಸ್ತೆಯಲ್ಲಿ ಎರಡು ಸಲ ಕುಪ್ಪಳಿಸಿ, ಕೆಮ್ಮಿ ನಿಂತುಹೋಗಬೇಕಾಗಿ ಪ್ರಾರ್ಥನೆ.

ಖರ್ಚಿನ ವಿಷಯಕ್ಕೆ ಬಂದರೆ ಲೆಕ್ಕವೆಲ್ಲ ನನ್ನ ಸೊಸೆಯದು. ನನಗೆ ಹೆಚ್ಚು ಮಾತಾಡುವ ಅಧಿಕಾರವಿಲ್ಲ. ಹಳೆಯ ಕಾರು ಕಲಿಯುವವರ ಕೈಯಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ನಿಂತಲ್ಲೇ ಗುರುಗುಟ್ಟುತ್ತಾ ಪೆಟ್ರೋಲು ಕುಡಿಯುತ್ತದೆ, ತಾವು ನಿಂತಾಗ ಉಪವಾಸವಿರುತ್ತೀರಿ ಎಂಬುದನ್ನು ಒಪ್ಪಿದೆ. ಆದರೆ ತಮ್ಮ ಬೆಲೆ ದೊಡ್ಡದು, ವಿಮೆ ಹೆಚ್ಚು, ಭಾರದ ಮೈಯಾದ್ದರಿಂದ ಟೈರು ಬೇಗ ಸವೆಯುತ್ತದೆ, ವಾರಂಟಿ ಮುಗಿದ ಮೇಲೆ ಬ್ಯಾಟರಿ ಕೈಕೊಟ್ಟರೆ ಏನು ಗತಿಯೆಂದು ಕೇಳಿದ್ದಕ್ಕೆ ಷೋರೂಮಿನವರು ನಗುನಗುತ್ತಾ ಇನ್ನೊಂದು ಲೋಟ ಕಾಫಿ ತರಿಸಿದರು. ಕೊನೆಗೆ ಸೊಸೆ ಪೆನ್ನಿನ ಮುಚ್ಚಳ ಹಾಕಿ, "ಮಾವ, ದಿನವಿಡೀ ಓಡಿದ್ರೆ ಇದು ಲಾಭ, ಅಂಗಳದಲ್ಲಿ ನಿಂತ್ರೆ ನಷ್ಟ. ಜನ ಕಲಿಯೋಕೆ ಬರ್ತಾರಾ ಅನ್ನೋದೊಂದೇ ಪ್ರಶ್ನೆ" ಎಂದು ತೀರ್ಪು ಕೊಟ್ಟಳು.

ಇನ್ನು ತಮ್ಮ ಊಟೋಪಚಾರ. ಮಹಡಿಯ ದರ್ಜಿಯವರದೂ ನಮ್ಮದೂ ಒಂದೇ ಲೈನು. ತಾವು ಊಟಕ್ಕೆ ಕೂತಾಗ ಅವರು ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಇಡೀ ಕಟ್ಟಡ ಕತ್ತಲಾಗುತ್ತದೆ. ಮದುಮಗನ ಕೋಟು ಅರ್ಧ ಇಸ್ತ್ರಿಯಲ್ಲಿ ನಿಂತುಹೋದ ದಿನ ಅವರು ಮೆಟ್ಟಿಲಿಳಿದು ಬಂದು, "ಏನ್ ಮೇಷ್ಟ್ರೇ, ನಿಮ್ಮ ಅಳಿಯ ಇನ್ನೂ ಎಷ್ಟು ದಿನ ಇರ್ತಾರೆ?" ಎಂದು ಕೇಳಿದ್ದು ತಮ್ಮ ಕುರಿತೇ. ಬೇರೆ ಲೈನು ಎಳೆಸಲು ಬರುವ ಖರ್ಚನ್ನು ಸೊಸೆ ಆಗಲೇ ತಮ್ಮ ಲೆಕ್ಕಕ್ಕೆ ಸೇರಿಸಿದ್ದಾಳೆ. ತಾವು ಇಳಿಜಾರಿನಲ್ಲಿ ಬರುವಾಗ ತಮ್ಮಷ್ಟಕ್ಕೆ ತಾವೇ ಒಂದಿಷ್ಟು ಚಾರ್ಜ್ ಗಳಿಸಿಕೊಳ್ಳುತ್ತೀರಲ್ಲ, ಅದರಲ್ಲೇ ದರ್ಜಿಯವರ ಎರಡು ಪ್ಯಾಂಟಿಗಾಗುವಷ್ಟು ಕಡೆಗಿಟ್ಟು ತಂದರೆ ನೆರೆಹೊರೆಯ ಸ್ನೇಹ ಉಳಿದೀತು.

ಆದರೆ ನನ್ನ ಎಡಗಾಲಿಗಾದ ಅವಮಾನವನ್ನು ಯಾವ ಲೈನೂ ಸರಿಪಡಿಸಲಾರದು. ಹಳೆಯ ಕಾರಿನಲ್ಲಿ ಮೇಷ್ಟ್ರ ಬದಿಗೂ ಕ್ಲಚ್ಚು ಮತ್ತು ಬ್ರೇಕು ಎರಡೂ ಇವೆ; ಶಿಷ್ಯರು ತಡವರಿಸಿದರೆ ನನ್ನ ಎಡಗಾಲು ನನ್ನನ್ನೂ ಕೇಳದೆ ಕ್ಲಚ್ಚನ್ನು ತಳಮುಟ್ಟ ಒತ್ತುತ್ತದೆ. ತಮ್ಮಲ್ಲಿ ನನ್ನ ಪಾಲಿಗೆ ಷೋರೂಮಿನವರು ಕೂಡಿಸಿಕೊಟ್ಟಿರುವುದು ಒಂದೇ ಅಗಲವಾದ ಬ್ರೇಕು. ಮೊದಲ ದಿನವೇ ನಾಲ್ಕು ರಸ್ತೆ ಕೂಡುವಲ್ಲಿ ಗಡಿಬಿಡಿ ಸ್ವಲ್ಪ ನಿಧಾನಿಸಿದಳು, ನನ್ನ ಎಡಗಾಲು ಕ್ಲಚ್ಚೆಂದು ತಿಳಿದು ಅದನ್ನು ಒತ್ತಿತು, ತಾವು ಗೂಟ ಹೊಡೆದಂತೆ ನಿಂತಿರಿ. ಹಿಂದಿನ ನೀರಿನ ಟ್ಯಾಂಕರು ಹಾರನ್ನಿನಲ್ಲೇ ನನ್ನ ವಂಶಾವಳಿಯನ್ನೆಲ್ಲ ಓದುತ್ತಿರುವಾಗ ಈ ಹುಡುಗಿ ಎರಡೂ ಕೈ ಮೇಲೆತ್ತಿ, "ನಾನೇನೂ ಮಾಡಿಲ್ಲ ಮೇಷ್ಟ್ರೇ, ನನ್ನಾಣೆ!" ಎಂದಳು, ಹಿಂದಿನ ಸೀಟಿನಿಂದ ಸೊಸೆ, "ಮಾವ, ನೀವು ಕಾಲು ಮಡಚ್ಕೊಂಡು ಕೂತ್ಕೊಳ್ಳಿ" ಎಂದಳು. ಅಂದಿನಿಂದ ನೆನಪಿಗೆಂದು ಎಡಗಾಲಿನ ಬೂಟು ಕಳಚಿಟ್ಟೇ ತಮ್ಮನ್ನು ಏರುತ್ತಿದ್ದೇನೆ.

ಗೇರಿಲ್ಲದ ಗಾಡಿಯಲ್ಲಿ ಪರೀಕ್ಷೆ ಕೊಟ್ಟರೆ ಗೇರಿಲ್ಲದ ಗಾಡಿಗಷ್ಟೇ ಪರವಾನಗಿ, ಅದು ಅರ್ಧ ವಿದ್ಯೆ, ಬೇಡಮ್ಮಾ ಎಂದು ನಾನು ಬುದ್ಧಿ ಹೇಳಿದೆ. "ಆಸ್ಪತ್ರೆಯ ಕಾರೂ ಇಂಥದ್ದೇ ಮೇಷ್ಟ್ರೇ. ಅರ್ಧನಾದ್ರೂ ಸಿಗ್ಲಿ, ಈಗ ಕೈಲಿರೋದು ಸೊನ್ನೆ" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಮರುದಿನ ಮಾರುಕಟ್ಟೆಯ ತಿರುವಿನಲ್ಲಿ ತಾವಿಬ್ಬರೂ ಹೋಗುತ್ತಿರುವಾಗ, ನಾನು ಪಕ್ಕದಲ್ಲಿ ಕೂತು, ಇಲ್ಲದ ಕ್ಲಚ್ಚಿನ ಚಿಂತೆಯಲ್ಲಿರುವಾಗ, ಅವಳು ತಾನೇ ಮೆಲ್ಲಗೆ ನಿಂತಳು. ಏಕೆಂದು ನೋಡಿದರೆ, ನಿಂತ ಲಾರಿಯ ಮರೆಯಿಂದ ಕೋಲೂರುತ್ತಾ ಒಬ್ಬ ಮುದುಕರು ರಸ್ತೆಗಿಳಿಯುತ್ತಿದ್ದರು. "ಲಾರಿ ಕೆಳಗೆ ಕೋಲಿನ ತುದಿ ಕಾಣಿಸ್ತು" ಎಂದಳು. ಹಳೆಯ ಕಾರಿನಲ್ಲಿ ಸದಾ ತನ್ನ ಮಂಡಿಯನ್ನೇ ನೋಡಿಕೊಂಡು ಓಡಿಸುತ್ತಿದ್ದ ಹುಡುಗಿ, ಮಾನ್ಯರೇ, ನನಗೂ ಕಾಣದ್ದನ್ನು ಕಂಡಿದ್ದಳು. ರಸ್ತೆ ನೋಡು, ರಸ್ತೆ ನೋಡು ಎಂದು ನಾನು ಗಂಟಲು ಹರಿದುಕೊಂಡರೂ ಆಗದ ಪಾಠವನ್ನು ತಾವು ಬಾಯಿ ಬಿಡದೆ ಮಾಡಿ ಮುಗಿಸಿದಿರಿ. ಇದಕ್ಕಿಂತ ದೊಡ್ಡ ಅಧಿಕಪ್ರಸಂಗ ಉಂಟೇ?

ಪರೀಕ್ಷೆಯ ದಿನ ಅದೇ ಏರಿನಲ್ಲಿ ಅಧಿಕಾರಿ ನಿಲ್ಲಿಸಲು ಹೇಳಿದರು, ಹೊರಡಲು ಹೇಳಿದರು. ತಾವು ಕೂದಲೆಳೆಯಷ್ಟೂ ಹಿಂದೆ ಸರಿಯದೆ ಅವಳನ್ನು ಹೊತ್ತು ಏರಿ ಹೋದಿರಿ. ಬೇಲಿಯಾಚೆ ನಿಂತಿದ್ದ ನಾನು ಕಣ್ಣು ಒದ್ದೆಯಾದ ತಪ್ಪನ್ನು ಧೂಳಿನ ಮೇಲೆ ಹಾಕಿದೆ. "ಪಾಸು ಮೇಷ್ಟ್ರೇ! ಅವ್ರು ಬೈಯಲೇ ಇಲ್ಲ!" ಎಂದು ಓಡಿಬಂದವಳು ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾಳೆ. ಅವಳು ಕಳುಹಿಸಿದ ಮೂವರು ನರ್ಸ್ ಹುಡುಗಿಯರು, ದೂರದಿಂದ ತಮ್ಮನ್ನು ತೋರಿಸುತ್ತಾ, ನಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಸೊಸೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದಕಾರಣ ಗೇರು ಬೇಕೆನ್ನುವವರಿಗೆ ಹಳೆಯ ಕಾರನ್ನು ಉಳಿಸಿಕೊಂಡು, ತಮ್ಮನ್ನೂ ಖಾಯಂ ಆಗಿ ನೇಮಿಸಿಕೊಂಡಿರುವುದನ್ನು ಅತೀವ ವಿಷಾದದಿಂದ ತಿಳಿಸುತ್ತೇನೆ.

ತಮ್ಮ ಕಂತುಗಳನ್ನು ಕಟ್ಟಲು ಒಪ್ಪಿ ರುಜು ಹಾಕಿರುವ,
ತಮ್ಮ ವಿಶ್ವಾಸಿ,
ಚಾಲನಾ ಶಾಲೆಯ ಮೇಷ್ಟ್ರು

ವಿ.ಸೂ.: ಪ್ರತಿ ಸವಾರಿಯ ಕೊನೆಗೆ ತಾವು ಪರದೆಯ ಮೇಲೆ ಅಂಕ ಕೊಡುವುದು ನನಗೆ ಈಗಷ್ಟೇ ತಿಳಿಯಿತು. ಗಡಿಬಿಡಿಗೆ ನೂರಕ್ಕೆ ತೊಂಬತ್ತು, ಸಂತೋಷ. ಅಂಗಳದಿಂದ ಗೇಟಿನವರೆಗೆ ತಮ್ಮನ್ನು ತಂದ ನನಗೆ ನಲವತ್ತೊಂದು ಕೊಟ್ಟು, "ಇನ್ನಷ್ಟು ಅಭ್ಯಾಸ ಅಗತ್ಯ" ಎಂದೂ ಬರೆದಿದ್ದೀರಿ. ಅವಳು ಅದರ ಫೋಟೊ ತೆಗೆದು ನನ್ನ ಶಿಷ್ಯರಿಗೆಲ್ಲ ಹಂಚಿದ್ದಾಳೆ. ತಮ್ಮ ಪ್ಲಗ್ಗಿನ ಸ್ವಿಚ್ಚು ನನ್ನ ಕೈಗೆಟುಕುವ ಎತ್ತರದಲ್ಲೇ ಇದೆಯೆಂಬುದನ್ನು ಮುಂದಿನ ಮೌಲ್ಯಮಾಪನದ ಹೊತ್ತಿಗೆ ದಯವಿಟ್ಟು ಗಮನದಲ್ಲಿಡಬೇಕು.